ಕ್ಯಾಟ್ ಬದಲಿಸುವ ಮೊದಲು ಆ ಟಿಕ್ ಟಿಕ್ ಸದ್ದಿನ ಮೂಲ ಹುಡುಕಿ

ಪ್ರಶ್ನೆ: ಸರ್, ನಾನು ಸುರತ್ಕಲ್‌ನವನು. ಎಂಟು ತಿಂಗಳ ಹಿಂದೆ ಮುಂಬೈನಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್ ತಗೊಂಡೆ. 2008ರ ಮಾಡೆಲ್, 2.7 ಲೀಟರ್ ಇಂಜಿನ್, ಮ್ಯಾನುವಲ್ ಗೇರ್, 61 ಸಾವಿರ ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದುಗಡೆಯಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತದೆ, ಐದು ನಿಮಿಷದಲ್ಲಿ ನಿಂತು ಹೋಗುತ್ತದೆ. ಒಂದು ವಾರ ನಿಲ್ಲಿಸಿ ತೆಗೆದರೆ ಕೆಲವು ಸಲ ನೀಲಿ ಬಿಳಿ ಹೊಗೆ ಭುಸ್ ಅಂತ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಚೆಕ್ ಇಂಜಿನ್ ಲೈಟ್ ಹತ್ತಿತು. ಸ್ಕ್ಯಾನ್ ಮಾಡಿಸಿದಾಗ ಪಿ0430 ಅಂತ ಕೋಡ್ ಬಂತು. ಒಂದು ಗ್ಯಾರೇಜಿನವರು ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಎರಡು ಲಕ್ಷದ ಮೇಲೆ ಆಗುತ್ತದೆ ಅಂದರು. ಇನ್ನೊಬ್ಬರು ಒಳಗಿನದ್ದನ್ನು ಒಡೆದು ಖಾಲಿ ಮಾಡಿ, ಸೆನ್ಸರ್‌ಗೆ ಸ್ಪೇಸರ್ ಹಾಕಿದರೆ ಸಾಕು ಅಂದರು. ಹಳೇ ಓನರ್ ಹಾಕಿಸಿದ ಹೊರಗಿನ ಸೈಲೆನ್ಸರ್ ಇದೆ. ಹೈವೇಯಲ್ಲಿ ಅದರ ಗುಂಯ್ ಸದ್ದಿಗೆ ತಲೆ ನೋಯುತ್ತದೆ. ಇದರ ಜೊತೆಗೆ ಐಎಂಎಸ್ ಬೇರಿಂಗ್ ಒಡೆದು ಇಂಜಿನ್ ಪೂರ್ತಿ ಹೋಗುತ್ತದೆ ಅಂತ ಎಲ್ಲಾ ಕಡೆ ಓದಿ ನಿದ್ದೆ ಬರುತ್ತಿಲ್ಲ. ಕಾರು ಇಟ್ಟುಕೊಳ್ಳಲಾ, ಮಾರಿಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಐದಾರು ತೊಂದರೆ ಬರೆದಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ಇದೆಲ್ಲ ಸಣ್ಣಪುಟ್ಟ ರಿಪೇರಿಯಾ, ಇಲ್ಲಾ ಇಂಜಿನ್ನೇ ಹೋಗುವ ಸೂಚನೆಯಾ? ನೀವು ಹೇಳಿದಷ್ಟರಲ್ಲಿ ಇಂಜಿನ್ ಹೋಗುವ ಸೂಚನೆ ನನಗೆ ಕಾಣುತ್ತಿಲ್ಲ. ತಪ್ಪು ಕಡೆ ದುಡ್ಡು ಹಾಕುವ ಸೂಚನೆ ಮಾತ್ರ ಚೆನ್ನಾಗಿ ಕಾಣುತ್ತಿದೆ. ಆದ್ದರಿಂದ ಎರಡು ಲಕ್ಷದ ಕ್ಯಾಟ್ (ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಸದ್ಯಕ್ಕೆ ಬೇಡ. ಖಾಲಿ ಪೈಪ್ ಯಾವತ್ತೂ ಬೇಡ.

ಮೊದಲು ಆ ಸದ್ದಿನ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಾಲು ಅದು.

ಮೂರು ವರ್ಷದ ಹಿಂದೆ ಉಡುಪಿ ಕಡೆಯಿಂದ ಇದೇ ಮಾಡೆಲ್ ಕಾರು ನಮ್ಮ ಗ್ಯಾರೇಜಿಗೆ ಬಂದಿತ್ತು. ಬೇರೆ ಕಡೆ ಒಂದು ಕ್ಯಾಟ್ ಬದಲಿಸಿಯೂ ಆಗಿತ್ತು. ಊರಿಗೆ ಹೋಗಿ ಎರಡು ವಾರ ಓಡಿಸುವಷ್ಟರಲ್ಲಿ ಅದೇ ಲೈಟ್ ಮತ್ತೆ ಹತ್ತಿತ್ತು. ಓನರ್‌ಗೆ ಅಳು ಬರುವುದೊಂದು ಬಾಕಿ. ಕಾರನ್ನು ರಾತ್ರಿಯಿಡೀ ಲಿಫ್ಟ್ ಮೇಲೆಯೇ ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿದೆ. ಮೂರಡಿ ಉದ್ದದ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಹೆಡರ್ (ಸಿಲಿಂಡರ್‌ಗಳಿಂದ ಹೊಗೆ ಹೊರಗೆ ತರುವ ಪೈಪು) ಕೂರುವ ಜಾಗದ ಉದ್ದಕ್ಕೂ ಮೆಲ್ಲಗೆ ಸರಿಸಿದೆ. ಕೊನೆಯ ಸಿಲಿಂಡರ್ ಹತ್ತಿರ ಬಂದ ಕೂಡಲೇ ಕಿವಿಯೊಳಗೆ ಪುಸ್ ಪುಸ್ ಪುಸ್ ಅಂತ ಹೊಡೆಯಿತು. ಟಾರ್ಚ್ ಬಿಟ್ಟು ನೋಡಿದರೆ ಸಂದು ಮುಚ್ಚುವ ಗ್ಯಾಸ್ಕೆಟ್‌ನ ಅಂಚಿನಿಂದ ಬೀಸಣಿಗೆ ಬಿಚ್ಚಿದ ಹಾಗೆ ಕಪ್ಪು ಮಸಿ ಹರಡಿತ್ತು. ಪಕ್ಕದ ಬೋಲ್ಟ್‌ಗೆ ತಲೆಯೇ ಇರಲಿಲ್ಲ. ತುಕ್ಕು ತಿಂದು ಯಾವಾಗಲೋ ಮುರಿದು ಬಿದ್ದಿತ್ತು. ಆ ಬೋಲ್ಟ್ ತೆಗೆದು, ಗ್ಯಾಸ್ಕೆಟ್ ಹೊಸದು ಹಾಕಿ, ಕೋಡ್ ಅಳಿಸಿದೆವು. ಆ ಕಾರಿಗೆ ಮತ್ತೆ ಆ ಲೈಟ್ ಬರಲಿಲ್ಲ. ಅವರು ಬಿಚ್ಚಿ ಎಸೆದಿದ್ದ ಕ್ಯಾಟ್ ಬಹುಶಃ ಸರಿಯಾಗಿಯೇ ಇತ್ತು. ಅದು ನನಗೆ ಇವತ್ತಿಗೂ ಬೇಜಾರು.

ನಿಮ್ಮ ಕಾರಿನದ್ದೂ ಇದೇ ಕಥೆ ಅಂತ ಇಲ್ಲಿ ಕೂತು ಪ್ರಮಾಣ ಮಾಡಲಾರೆ. ಆದರೆ ಲಕ್ಷಣ ಪೂರ್ತಿ ಹೊಂದುತ್ತದೆ. ಲೋಹ ತಣ್ಣಗಿರುವಾಗ ಕುಗ್ಗಿರುತ್ತದೆ, ಸಂದು ತೆರೆದಿರುತ್ತದೆ, ಪ್ರತಿ ಸಿಲಿಂಡರ್ ಉಸಿರು ಬಿಟ್ಟಾಗಲೂ ಅಲ್ಲಿಂದ ಟಿಕ್ ಅನ್ನುತ್ತದೆ. ಐದು ನಿಮಿಷ ಬಿಸಿಯಾದರೆ ಹಿಗ್ಗಿ ಸಂದು ಮುಚ್ಚುತ್ತದೆ, ಸದ್ದು ನಿಲ್ಲುತ್ತದೆ. ಈ ಇಂಜಿನ್ನಿನಲ್ಲಿ ಒಂದೊಂದು ಕಡೆಯ ಹೆಡರ್ ಹಿಡಿಯಲು ಆರಾರು ಬೋಲ್ಟ್ ಇರುತ್ತವೆ. ಬೋಲ್ಟ್ ಕಬ್ಬಿಣದ್ದು, ಅದು ಕೂರುವ ಹೆಡ್ (ಸಿಲಿಂಡರ್‌ಗಳ ತುದಿ ಮುಚ್ಚುವ ಭಾಗ) ಅಲ್ಯುಮಿನಿಯಂನದ್ದು. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ. ತುಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮುಂಬೈ ಸಮುದ್ರದ ಗಾಳಿ ಕುಡಿದ ಕಾರು ಈಗ ಸುರತ್ಕಲ್‌ಗೆ ಬಂದಿದೆ. ಹದಿನೇಳು ಹದಿನೆಂಟು ವರ್ಷ ಸಮುದ್ರದ ಪಕ್ಕದಲ್ಲೇ ಕಳೆದ ಬೋಲ್ಟ್‌ಗಳು ಅವು.

ಈಗ ಕೋಡ್ ವಿಷಯ. ಪಿ0430 ಅಂದರೆ 'ಕ್ಯಾಟ್ ಹೋಗಿದೆ' ಅಂತಲ್ಲ. ಎರಡನೇ ಬ್ಯಾಂಕಿನ (ಇಂಜಿನ್ನಿನ ಒಂದು ಪಕ್ಕದ ಮೂರು ಸಿಲಿಂಡರ್‌ಗಳ ಗುಂಪು) ಕ್ಯಾಟ್ ಮಾಡುವ ಕೆಲಸ ಕಂಪ್ಯೂಟರ್‌ಗೆ ಸಾಲದು ಅನಿಸಿದೆ, ಅಷ್ಟೇ. ಅದಕ್ಕೆ ಹಾಗೆ ಯಾಕೆ ಅನಿಸಿತು ಅನ್ನುವುದನ್ನು ನಾವು ಹುಡುಕಬೇಕು. ನಿಮ್ಮ ಕಾರಿನಲ್ಲಿ ನಾಲ್ಕು ಆಕ್ಸಿಜನ್ ಸೆನ್ಸರ್ ಇವೆ. ಒಂದೊಂದು ಬ್ಯಾಂಕಿಗೆ ಕ್ಯಾಟ್‌ನ ಮುಂದೆ ಒಂದು, ಹಿಂದೆ ಒಂದು. ಮುಂದಿನದು ಇಂಜಿನ್‌ನಿಂದ ಬರುವ ಹೊಗೆ ನೋಡಿ ಪೆಟ್ರೋಲ್ ಎಷ್ಟು ಬೇಕು ಅಂತ ಹೇಳುತ್ತದೆ. ಹಿಂದಿನದು ಕ್ಯಾಟ್ ದಾಟಿ ಬಂದದ್ದನ್ನು ನೋಡುತ್ತದೆ. ಕ್ಯಾಟ್ ಸರಿಯಾಗಿದ್ದರೆ ಹಿಂದಿನ ಸೆನ್ಸರ್ ಹೆಚ್ಚು ಅಲ್ಲಾಡದೆ ಒಂದೇ ಮಟ್ಟದಲ್ಲಿ ಇರಬೇಕು. ಅದೂ ಮುಂದಿನದರ ಹಾಗೆ ಕುಣಿಯಲು ಶುರು ಮಾಡಿದರೆ ಕೋಡ್ ಬರುತ್ತದೆ.

ಸೈಲೆನ್ಸರ್ ಪೈಪಿನಲ್ಲಿ ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ. ಒಂದು ಅಲೆ ಹೋಗಿ ಇನ್ನೊಂದು ಬರುವ ನಡುವೆ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್ ಆ ಗಾಳಿಯ ಆಮ್ಲಜನಕ ನೋಡಿ ಪೆಟ್ರೋಲ್ ಕಡಿಮೆ ಬಿತ್ತು ಅಂದುಕೊಳ್ಳುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆ ಕಡೆಯ ಮೂರು ಸಿಲಿಂಡರ್‌ಗಳು ಬೇಕಿಲ್ಲದಿದ್ದರೂ ಜಾಸ್ತಿ ಕುಡಿಯುತ್ತವೆ, ಮಸಿ ಕಟ್ಟುತ್ತವೆ. ಹೀಗೇ ಓಡಿಸುತ್ತಾ ಹೋದರೆ ಒಳ್ಳೆಯ ಕ್ಯಾಟ್ ಕೂಡ ಒಂದು ದಿನ ನಿಜವಾಗಿಯೂ ಹೋಗುತ್ತದೆ. ಅದಕ್ಕೇ ಮೊದಲು ಸೋರಿಕೆ ಹುಡುಕಿ, ಆಮೇಲೆ ಕ್ಯಾಟ್ ಮಾತು ಅನ್ನುತ್ತಿದ್ದೇನೆ.

ಇದನ್ನು ಸ್ಕ್ಯಾನರ್‌ನಲ್ಲೇ ಅರ್ಧ ಪತ್ತೆ ಮಾಡಬಹುದು. ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚಿಸಿದೆ (ಪ್ಲಸ್), ಎಷ್ಟು ತಗ್ಗಿಸಿದೆ (ಮೈನಸ್) ಅನ್ನುವುದಕ್ಕೆ 'ಫ್ಯೂಯೆಲ್ ಟ್ರಿಮ್' ಅಂತ ಎರಡೂ ಬ್ಯಾಂಕಿಗೆ ಬೇರೆ ಬೇರೆ ಲೆಕ್ಕ ಇರುತ್ತದೆ. ಅದನ್ನು ತೆಗೆದು ತೋರಿಸಲು ಹೇಳಿ. ಎರಡೂ ಕಡೆ ಪ್ಲಸ್ ಹೆಚ್ಚಾಗಿದ್ದರೆ ಕಾರಣ ಎರಡಕ್ಕೂ ಸೇರಿದ್ದು. ಏರ್‌ಫ್ಲೋ ಸೆನ್ಸರ್ ಕೊಳಕಾಗಿರಬಹುದು, ಪೆಟ್ರೋಲ್ ಪಂಪ್ ಸೊರಗಿರಬಹುದು, ಇಲ್ಲವೇ ಈಗ ಬಂಕ್‌ನಲ್ಲಿ ಸಿಗುವ ಇ20 ಪೆಟ್ರೋಲ್ ಇರಬಹುದು. ಬರೀ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು. 20 ಶೇಕಡಾ ಎಥನಾಲ್ ಸೇರಿದರೆ 13.5ರ ಹತ್ತಿರ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಹಳೇ ಕಾರಿನ ಕಂಪ್ಯೂಟರ್ ಆ ವ್ಯತ್ಯಾಸವನ್ನು ಪ್ಲಸ್ ಅಂತ ತೋರಿಸುತ್ತದೆ. ಆದರೆ ಒಂದು ಬ್ಯಾಂಕ್ ಸರಿಯಿದ್ದು ಎರಡನೆಯದು ಮಾತ್ರ 10 ಶೇಕಡಾ ಮೇಲೆ ಹೋಗಿದ್ದರೆ ಸೋರಿಕೆ ಆ ಕಡೆಯೇ ಇದೆ ಅಂತ ಮುಕ್ಕಾಲು ಪಾಲು ಖಚಿತ.

ಇಲ್ಲೊಂದು ಎಚ್ಚರಿಕೆ. ಬಾಕ್ಸ್‌ಸ್ಟರ್ ಇಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ ಕೂತಿದೆ. ಪೋರ್ಷೆಯ ಇನ್ನೊಂದು ಕಾರು 911ರಲ್ಲಿ ಇದೇ ಜಾತಿಯ ಇಂಜಿನ್ ಹಿಂದಿನ ಚಕ್ರಗಳಿಗಿಂತ ಹಿಂದೆ, ತಿರುಗಿ ಕೂತಿರುತ್ತದೆ. ಆದ್ದರಿಂದ ಎಡ ಬಲ ಅದಲುಬದಲು. 911 ನೋಡಿ ಅಭ್ಯಾಸ ಇರುವ ಮೆಕ್ಯಾನಿಕ್ ಬಾಕ್ಸ್‌ಸ್ಟರ್‌ನ ತಪ್ಪು ಕಡೆ ಬಿಚ್ಚಿದ್ದನ್ನು ನಾನೇ ನೋಡಿದ್ದೇನೆ. ಎರಡನೇ ಬ್ಯಾಂಕಿನ ಸಿಲಿಂಡರ್ 4, 5, 6 ಯಾವ ಕಡೆ ಅಂತ ಮೊದಲು ಖಚಿತ ಮಾಡಿಕೊಂಡು ಸ್ಪ್ಯಾನರ್ ಮುಟ್ಟಲಿ.

ಸೋರಿಕೆ ಕಿವಿಗೆ ಸಿಗದಿದ್ದರೆ ಸ್ಮೋಕ್ ಟೆಸ್ಟ್ ಮಾಡಿಸಿ. ಇಂಜಿನ್ ಆಫ್ ಮಾಡಿ, ಸೈಲೆನ್ಸರ್ ಬಾಯಿಂದ ಹೊಗೆ ತುಂಬಿಸಿ, ಎಲ್ಲಿಂದ ಹೊರಗೆ ಬರುತ್ತದೆ ಅಂತ ನೋಡುವುದು. ಅರ್ಧ ಗಂಟೆಯ ಕೆಲಸ. ಹೆಡರ್ ಗ್ಯಾಸ್ಕೆಟ್ ಜೊತೆಗೆ ಹಿಂದಿನ ಪೈಪುಗಳ ಕ್ಲ್ಯಾಂಪ್‌ಗಳನ್ನೂ ನೋಡಲಿ. ಕಂಪನಿಯ ಸೈಲೆನ್ಸರ್ ಡಬ್ಬ ಸ್ಟೇನ್‌ಲೆಸ್ ಸ್ಟೀಲ್, ಅದು ಬೇಗ ಕೊಳೆಯುವುದಿಲ್ಲ. ಆದರೆ ಅದನ್ನು ಹಿಡಿದಿರುವ ಕ್ಲ್ಯಾಂಪು, ನಟ್ಟು ಬೋಲ್ಟು ಅಷ್ಟು ಗಟ್ಟಿಯಲ್ಲ. ಹೊರಗಿನ ಸೈಲೆನ್ಸರ್ ಹಾಕಿಸುವಾಗ ಹಳೇ ಕ್ಲ್ಯಾಂಪ್‌ಗಳನ್ನೇ ಬಿಗಿದಿದ್ದರೆ ಅಲ್ಲಿಯೂ ಸೋರುತ್ತಿರಬಹುದು.

ರಿಪೇರಿಯಲ್ಲಿ ನಿಜವಾದ ಅಪಾಯ ಇರುವುದು ಆ ಬೋಲ್ಟ್ ಬಿಚ್ಚುವುದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಅವಸರ ಮಾಡಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ತುಕ್ಕು ಹಿಡಿದ ಬೋಲ್ಟ್‌ಗೆ ಉದ್ದ ಹಿಡಿಕೆ ಹಾಕಿ ಎಳೆದರೆ ತಲೆ ಕೈಗೆ ಬರುತ್ತದೆ, ಉಳಿದದ್ದು ಹೆಡ್‌ನಲ್ಲೇ ಉಳಿಯುತ್ತದೆ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ನಾಲ್ಕೈದು ಸಲ ಹೊಡೆದಿರಬೇಕು. ಬೋಲ್ಟ್ ಅನ್ನು ಇಂಡಕ್ಷನ್ ಹೀಟರ್‌ನಲ್ಲಿ ಕಾಯಿಸಬೇಕು. ಬಿಚ್ಚುವಾಗ ಒಂದೇ ದಿಕ್ಕಿಗೆ ಎಳೆಯದೆ ಚೂರು ಬಿಚ್ಚಿ, ಚೂರು ಬಿಗಿದು, ಮತ್ತೆ ಬಿಚ್ಚಬೇಕು. ಆದರೂ ಒಂದೆರಡು ಮುರಿಯಬಹುದು. ಮುರಿದರೆ ಕೈಯಲ್ಲಿ ಡ್ರಿಲ್ ಹಿಡಿದು ತೂತು ಕೊರೆಯಲು ಬಿಡಬೇಡಿ. ಸ್ಟೀಲ್ ಗಟ್ಟಿ, ಅಲ್ಯುಮಿನಿಯಂ ಮೆತ್ತಗೆ. ಡ್ರಿಲ್ ಬಿಟ್ ಜಾರಿ ಹೆಡ್ ಕಡೆಗೆ ಹೋಗಿಬಿಡುತ್ತದೆ. ನೇರವಾಗಿ ನಡುವೆಯೇ ಕೊರೆಯಲು ಗೈಡ್ ಪ್ಲೇಟ್ ಬರುತ್ತದೆ, ಅದನ್ನೇ ಹಾಕಬೇಕು. 'ಗೈಡ್ ಇದೆಯಾ' ಅಂತ ಗ್ಯಾರೇಜಿನಲ್ಲಿ ಮೊದಲೇ ಕೇಳಿ. ಹಾಗಂದರೆ ಏನು ಅಂತ ತಿರುಗಿ ಕೇಳಿದರೆ ಆ ಕೆಲಸ ಅಲ್ಲಿ ಬೇಡ. ಒಂದು ಕಡೆ ಬಿಚ್ಚಿದ ಮೇಲೆ ಹನ್ನೆರಡೂ ಬೋಲ್ಟ್, ಎರಡೂ ಗ್ಯಾಸ್ಕೆಟ್ ಹೊಸದು ಹಾಕಿಸಿಬಿಡಿ. ಈ ಲೆಕ್ಕದಲ್ಲಿ ಜಿಪುಣತನ ಮಾಡಬಾರದು.

ಇನ್ನು ಮಳೆಗಾಲ ಮುಗಿದ ಮೇಲೆ ಲೈಟ್ ಹತ್ತಿತು ಅಂದಿರಲ್ವಾ, ಆ ಮಾತು ನನಗೆ ಇನ್ನೊಂದು ಅನುಮಾನ ತಂದಿದೆ. ಇದು ಮಲಗಿರುವ ಇಂಜಿನ್, ಅಂದರೆ ಸಿಲಿಂಡರ್‌ಗಳು ನಿಂತಿರದೆ ಎರಡೂ ಪಕ್ಕಕ್ಕೆ ಅಡ್ಡಲಾಗಿವೆ. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳು ಮೇಲುಗಡೆ ಬೆಚ್ಚಗೆ ಕೂತಿಲ್ಲ. ಪಕ್ಕದಲ್ಲಿ, ಕೆಳಗೆ, ಚಕ್ರ ಎರಚುವ ನೀರಿಗೆ ಸಿಗುವ ಹಾಗೆ ಇವೆ. ಶಾಖಕ್ಕೆ ಅವುಗಳ ಪ್ಲಾಸ್ಟಿಕ್ ಮೈ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟುವ ಮಳೆಯಲ್ಲಿ ಆ ಬಿರುಕಿಗೆ ನೀರು ಇಳಿಯುತ್ತದೆ, ಕಿಡಿ ಪ್ಲಗ್‌ಗೆ ಹೋಗದೆ ಪಕ್ಕಕ್ಕೆ ಹಾರುತ್ತದೆ. ಆ ಸಿಲಿಂಡರ್‌ನ ಪೆಟ್ರೋಲ್ ಸುಡದೆ ನೇರ ಕ್ಯಾಟ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕ್ಯಾಟ್ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗುವುದು ಹೀಗೇ. ಮಳೆಯಲ್ಲಿ ಓಡಿಸುವಾಗ ಇಂಜಿನ್ ಮುಕ್ಕರಿಸಿದ್ದು, ಚೆಕ್ ಇಂಜಿನ್ ಲೈಟ್ ಮಿಣುಕಿದ್ದು ನೆನಪಿದೆಯಾ? ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಹತ್ತಿರದ ಗ್ಯಾರೇಜ್‌ವರೆಗೆ ಓಡಿಸಬಹುದು. ಮಿಣುಕಿದರೆ ಗಾಡಿ ಪಕ್ಕಕ್ಕೆ ಹಾಕಲೇಬೇಕು, ಯಾಕೆಂದರೆ ಆ ನಿಮಿಷದಲ್ಲಿ ಕ್ಯಾಟ್ ಸುಡುತ್ತಿರುತ್ತದೆ.

ಪರೀಕ್ಷೆ ಸುಲಭ. ರಾತ್ರಿ, ಲೈಟ್ ಆರಿಸಿ, ಲಿಫ್ಟ್ ಮೇಲೆ ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಕಾಯಿಲ್‌ಗಳ ಮೇಲೆ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇಯಿಂದ ಮಂಜಿನ ಹಾಗೆ ನೀರು ಬಿಡಬೇಕು. ಬಿರುಕಿರುವ ಕಾಯಿಲ್ ಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ. ಒಂದು ಬಿರುಕು ಬಿಟ್ಟಿದ್ದರೆ ಆರನ್ನೂ ಬದಲಿಸಿ, ಜೊತೆಗೇ ಆರು ಪ್ಲಗ್ ಹಾಕಿಸಿ. ಪ್ಲಗ್ ಹೇಗೂ ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು.

ಸೋರಿಕೆ ಮುಚ್ಚಿ, ಕಾಯಿಲ್ ಸರಿ ಮಾಡಿ, ಕೋಡ್ ಅಳಿಸಿ, ಐನೂರು ಕಿ.ಮೀ. ಓಡಿಸಿ. ಅದರಲ್ಲಿ ಒಂದು ಉದ್ದನೆಯ ಓಟ ಇರಲಿ. ಕುಂದಾಪುರಕ್ಕೆ ಹೋಗಿ ಬನ್ನಿ. ಕ್ಯಾಟ್ ಕೆಲಸ ಶುರು ಮಾಡುವುದೇ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದ ಮೇಲೆ. ಎರಡು ಕಿ.ಮೀ. ಹೋಗಿ ಬರುವ ಗಾಡಿಯಲ್ಲಿ ಅದಕ್ಕೆ ಬಿಸಿಯಾಗಲೂ ಸಮಯ ಸಿಗುವುದಿಲ್ಲ. ಇಷ್ಟಾದ ಮೇಲೂ ಪಿ0430 ಬಂದರೆ ಕ್ಯಾಟ್ ಹೋಗಿದೆ ಅಂತ ನಾನೂ ಒಪ್ಪುತ್ತೇನೆ. ಬಿಚ್ಚಿದಾಗ ಟಾರ್ಚ್ ಹಾಕಿ ಒಳಗೆ ನೋಡಿ. ಜೇನುಗೂಡು ಕರಗಿರುತ್ತದೆ, ಇಲ್ಲವೇ ಕೈಯಿಂದ ತಟ್ಟಿದರೆ ಗಲಗಲ ಅನ್ನುತ್ತದೆ.

ಆಗ ನಿಮ್ಮ ಮುಂದೆ ಮೂರು ದಾರಿ ಇವೆ. ಕಂಪನಿಯ ಹೊಸ ಕ್ಯಾಟ್ ದುಬಾರಿ, ಆದರೆ ಹಾಕಿದ ಮೇಲೆ ಮರೆತುಬಿಡಬಹುದು. ಎಲ್ಲ ಗಾಡಿಗೂ ಹೊಂದುತ್ತದೆ ಅಂತ ಮಾರುವ ಅಗ್ಗದ ಕ್ಯಾಟ್‌ಗಳಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ತೀರಾ ತೆಳುವಾಗಿ ಸವರಿರುತ್ತಾರೆ. ಬೆಲೆಯೆಲ್ಲ ಇರುವುದೇ ಆ ಲೋಹಗಳಲ್ಲಿ. ಹಾಕಿದ ಹೊಸದರಲ್ಲಿ ಎಲ್ಲ ಸರಿ, ಸ್ವಲ್ಪ ದಿನಕ್ಕೆ ಕೋಡ್ ವಾಪಸ್. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೂರನೆಯದು, ಅಪಘಾತವಾಗಿ ಬಿಡಿಭಾಗಕ್ಕೆ ಬಂದ ಕಾರಿನ ಕಂಪನಿ ಕ್ಯಾಟ್. ಒಳಗೆ ಚೆನ್ನಾಗಿ ನೋಡಿ, ಅಲ್ಲಾಡಿಸಿ, ಬಿಲ್ ಸಮೇತ ಸಿಕ್ಕರೆ ತಗೊಳ್ಳಿ. ನಿಮ್ಮ ಬಜೆಟ್ಟಿಗೆ ನನ್ನ ಸಲಹೆ ಇದೇ. ಬಿಲ್ ಇಲ್ಲದ್ದು ಮಾತ್ರ ಮುಟ್ಟಬೇಡಿ. ಕ್ಯಾಟ್ ಕಳ್ಳತನ ನಡೆಯುವುದೂ ಆ ಲೋಹಗಳ ಬೆಲೆಗಾಗಿಯೇ.

ಕ್ಯಾಟ್ ಖಾಲಿ ಮಾಡಿ ಸ್ಪೇಸರ್ ಹಾಕುವ ಸಲಹೆ ಬಗ್ಗೆ ಖಾರವಾಗಿಯೇ ಹೇಳಬೇಕು. ಸ್ಪೇಸರ್ ಅಂದರೆ ಹಿಂದಿನ ಸೆನ್ಸರ್ ಅನ್ನು ಹೊಗೆಯಿಂದ ದೂರ ಎಳೆದು ಕಂಪ್ಯೂಟರ್ ಕಣ್ಣಿಗೆ ಬಟ್ಟೆ ಕಟ್ಟುವುದು. ಲೈಟ್ ಆರಬಹುದು, ವಿಷ ಹಾಗೇ ಹೊರಗೆ ಬರುತ್ತದೆ. ನಿಮ್ಮದು ಟಾಪ್ ತೆರೆಯುವ ಕಾರು. ಟಾಪ್ ತೆರೆದು ಓಡಿಸುವಾಗ ಗಾಳಿ ಹಿಂದಿನಿಂದ ಸುಳಿ ತಿರುಗಿ ಸೀಟಿನ ಕಡೆಗೇ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್ ತುಂಬಿದ ಆ ಹೊಗೆಯನ್ನು ಮೊದಲು ಕುಡಿಯುವವರು ನೀವು, ನಿಮ್ಮ ಪಕ್ಕದಲ್ಲಿ ಕೂತವರು. ಎಮಿಷನ್ ಟೆಸ್ಟ್‌ನಲ್ಲೂ ದಾಟುವುದಿಲ್ಲ. ಬಿಎಸ್-3 (ಭಾರತ್ ಸ್ಟೇಜ್ ಹೊಗೆ ನಿಯಮ) ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಬಿಎಸ್-4ಕ್ಕೆ 0.3 ಶೇಕಡಾ ಮತ್ತು 200 ಪಿಪಿಎಂ. ಕ್ಯಾಟ್ ಸರಿಯಿರುವ ಬಾಕ್ಸ್‌ಸ್ಟರ್ ಇದರ ಹತ್ತಿರಕ್ಕೂ ಬರದೆ ಪಾಸಾಗುತ್ತದೆ. ಮೆಷಿನ್‌ಗೆ ಪೈಪ್ ಹಾಕದೆ ಸರ್ಟಿಫಿಕೇಟ್ ಕೊಡುವವರನ್ನು ಹುಡುಕಿಕೊಂಡು ಹೋಗಬೇಡಿ. ಆ ಟೆಸ್ಟ್ ನಿಮಗೆ ಕಡಿಮೆ ದುಡ್ಡಿಗೆ ಸಿಗುವ ಇಂಜಿನ್ ತಪಾಸಣೆ. ಅಂಕಿಗಳನ್ನು ಬರೆದಿಟ್ಟುಕೊಂಡು ಸಲ ಸಲಕ್ಕೂ ಹೋಲಿಸಿ ನೋಡಿ.

ಹೊಗೆ ವಿಷಯಕ್ಕೆ ಬರೋಣ. ಮಲಗಿರುವ ಇಂಜಿನ್ ಆದ್ದರಿಂದ ವಾರಗಟ್ಟಲೆ ನಿಂತರೆ ಚೂರು ಆಯಿಲ್ ಪಿಸ್ಟನ್ ರಿಂಗ್ ದಾಟಿ ಸಿಲಿಂಡರ್‌ಗೆ ಜಿನುಗುತ್ತದೆ. ಸ್ಟಾರ್ಟ್ ಮಾಡಿದಾಗ ಅದು ಸುಟ್ಟು ಭುಸ್ ಅಂತ ಹೊಗೆ ಬರುತ್ತದೆ, ಅರ್ಧ ನಿಮಿಷದಲ್ಲಿ ಹೋಗುತ್ತದೆ. ಕಾರು ಒಂದು ಕಡೆ ವಾಲಿ ನಿಂತಿದ್ದರೆ ಇನ್ನೂ ಜಾಸ್ತಿ. ನಿಮ್ಮ ಪಾರ್ಕಿಂಗ್ ಸಮತಟ್ಟಾಗಿದೆಯಾ ನೋಡಿ. ಇದು ರೋಗ ಅಲ್ಲ. ಬೆಳಿಗ್ಗೆ ಸೈಲೆನ್ಸರ್‌ನಿಂದ ತೊಟ್ಟಿಕ್ಕುವ ಕಪ್ಪು ನೀರೂ ರೋಗ ಅಲ್ಲ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ, ತಣ್ಣನೆ ಪೈಪಿನಲ್ಲಿ ಅದು ಹನಿಯಾಗುತ್ತದೆ.

ಹೆದರಬೇಕಾದ ಹೊಗೆ ಬೇರೆ ಇದೆ. ರಸ್ತೆ ಕಾಣದಷ್ಟು ದಟ್ಟವಾಗಿ, ನಿಲ್ಲದೆ ಬರುವ ಹೊಗೆ. ಅದು ಏರ್ ಆಯಿಲ್ ಸೆಪರೇಟರ್ ಹೋದ ಲಕ್ಷಣ. ಇಂಜಿನ್ ಒಳಗಿನ ಆವಿಯಿಂದ ಆಯಿಲ್ ಬೇರೆ ಮಾಡುವ ಭಾಗ ಅದು. ಒಳಗಿನ ಪೊರೆ ಹರಿದರೆ ಇಂಜಿನ್ ತನ್ನ ಆಯಿಲ್ ತಾನೇ ಎಳೆದು ಕುಡಿಯುತ್ತದೆ. ಹಾಗಾದ ಕೂಡಲೇ ಆಫ್ ಮಾಡಿ, ಟೋ ಮಾಡಿಸಿ. ಸಿಲಿಂಡರ್ ತುಂಬ ಆಯಿಲ್ ತುಂಬಿಕೊಂಡರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲೇ ತಿಳಿಯಲು ಒಂದು ಉಪಾಯ ಇದೆ. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಎತ್ತಿ. ಸುಲಭವಾಗಿ ಬಂದರೆ ಸರಿ. ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಇದ್ದರೆ ಸೆಪರೇಟರ್ ಬದಲಿಸುವ ಕಾಲ ಬಂತು. ನಮ್ಮಲ್ಲಿ ಇದನ್ನು ಒತ್ತಡ ತೋರಿಸುವ ಮ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ನೀರಿನ ಮಟ್ಟದ ಲೆಕ್ಕದಲ್ಲಿ 4ರಿಂದ 6 ಇಂಚಿನ ಸೆಳೆತ ಇದ್ದರೆ ನೆಮ್ಮದಿ.

ಐಎಂಎಸ್ ಬೇರಿಂಗ್. ನಿಮ್ಮ ನಿದ್ದೆ ಕೆಡಿಸಿದ್ದು ಇದೇ ತಾನೆ? ಭಯ ಪೂರ್ತಿ ಸುಳ್ಳಲ್ಲ, ಆದರೆ ಅದು ಮುಖ್ಯವಾಗಿ ನಿಮ್ಮದಕ್ಕಿಂತ ಹಳೇ ಕಾರುಗಳ ಕಥೆ. ಇಂಜಿನ್ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ (ಐಎಂಎಸ್) ಅಂತ ಒಂದು ಮಧ್ಯದ ಶಾಫ್ಟ್ ಇದೆ. ಅದರ ಒಂದು ತುದಿಯ ಬೇರಿಂಗ್ 2000ದಿಂದ 2005ರವರೆಗಿನ ಬಹಳ ಕಾರುಗಳಲ್ಲಿ ಸಣ್ಣದಾಗಿತ್ತು. ಅಮೆರಿಕದಲ್ಲಿ ಓನರ್‌ಗಳು ಕೋರ್ಟ್‌ಗೆ ಹೋಗಿ, 2013ರಲ್ಲಿ ರಾಜಿಯಾಗಿ ಪರಿಹಾರ ಕೊಟ್ಟಿದ್ದು 2001ರಿಂದ 2005ರ ಮಾಡೆಲ್‌ಗಳಿಗೆ. 2006ರಿಂದ 2008ರ ಇಂಜಿನ್‌ಗಳಿಗೆ ದೊಡ್ಡ ಬೇರಿಂಗ್ ಬಂತು. ಅದು ಒಡೆಯುವುದು ತೀರಾ ಅಪರೂಪ. 2009ರಿಂದ ಬಂದ ಹೊಸ ಇಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ನಿಮ್ಮ ಕಾರಿನ ಬೇರಿಂಗ್ ಬದಲಿಸಲು ಇಡೀ ಇಂಜಿನ್ ಎರಡು ಭಾಗ ಮಾಡಬೇಕು. ಆದ್ದರಿಂದ 'ಈಗಲೇ ಬದಲಿಸಿಬಿಡೋಣ' ಅನ್ನುವವರಿಗೆ ಬೇಡ ಅನ್ನಿ. ಮುಂದೆ ಯಾವಾಗಲಾದರೂ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ಆ ಬೇರಿಂಗಿನ ಹೊರಗಿನ ಸೀಲ್ ತೆಗೆಸಿ. ಇಂಜಿನ್ ಆಯಿಲ್ ನೇರವಾಗಿ ಅದಕ್ಕೆ ತಾಗಿ ತಣ್ಣಗಿರುತ್ತದೆ. ಬಹಳ ಜನ ಅನುಭವಸ್ಥರು ಮಾಡುವುದು ಇಷ್ಟೇ.

ಅಲ್ಲಿಯವರೆಗೆ ಪ್ರತಿ ಆಯಿಲ್ ಚೇಂಜ್‌ನಲ್ಲೂ ಹಳೇ ಫಿಲ್ಟರ್ ಎಸೆಯದೆ, ಒಳಗಿನ ಕಾಗದ ಬಿಡಿಸಿ ಬಿಳಿ ಬಟ್ಟೆ ಮೇಲೆ ಹರಡಿ ನೋಡಿ. ನೀವೇ ನಿಂತು ನೋಡಬೇಕು. ಆಯಸ್ಕಾಂತ ಹತ್ತಿರ ಹಿಡಿಯಿರಿ. ಅಂಟಿಕೊಳ್ಳುವ ಹೊಳೆಯುವ ಚೂರುಗಳು ಕಂಡರೆ ಬೇರಿಂಗಿನ ಸ್ಟೀಲ್ ಇರಬಹುದು, ಗಾಡಿ ನಿಲ್ಲಿಸಿ. ಅಂಟದ ಕಂದು ಪ್ಲಾಸ್ಟಿಕ್ ಚೂರು ಒಂದೆರಡು ಇದ್ದರೆ ಚೈನ್ ಗೈಡ್ ಸವೆದದ್ದು. ಅದಕ್ಕೆ ಗಾಬರಿ ಬೇಡ, ಮುಂದಿನ ಸಲ ಜಾಸ್ತಿ ಆಗಿದೆಯಾ ನೋಡಿ. ಆಯಿಲ್ ಪೋರ್ಷೆ ಎ40 ಒಪ್ಪಿಗೆ ಇರುವ 0ಡಬ್ಲ್ಯೂ-40 ಹಾಕಿಸಿ. ಕಿ.ಮೀ. ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಿಸಿ. ನಿಮ್ಮಂಥ ಸಣ್ಣ ಓಟದ ಗಾಡಿಗೆ ಆಯಿಲ್‌ನಲ್ಲಿ ನೀರು, ಪೆಟ್ರೋಲ್ ಸೇರುವುದು ಹೆಚ್ಚು.

61 ಸಾವಿರ ಕಿ.ಮೀ. ನಿಜವಾ ಅಂತ ತಿಳಿಯಲೂ ದಾರಿ ಇದೆ. ಪೋರ್ಷೆಗೆ ಸರಿಹೊಂದುವ ಸ್ಕ್ಯಾನರ್ ಇಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಹೇಳುತ್ತದೆ. ಕಿ.ಮೀ. ಅನ್ನು ಗಂಟೆಯಿಂದ ಭಾಗಿಸಿ. ಗಂಟೆಗೆ 25, 30, 40 ಬಂದರೆ ನಂಬಬಹುದು. 10 ಬಂದರೆ ಮೀಟರ್ ಯಾರೋ ಮುಟ್ಟಿರಬಹುದು. ಅದೇ ರಿಪೋರ್ಟ್‌ನಲ್ಲಿ ಇಂಜಿನ್ ಮಿತಿ ಮೀರಿ ತಿರುಗಿದ್ದು ಎಷ್ಟು ಸಲ ಅನ್ನುವುದೂ ಸಿಗುತ್ತದೆ. ಇದನ್ನು ಕೊಳ್ಳುವ ಮೊದಲು ನೋಡಬೇಕಿತ್ತು. ಪರವಾಗಿಲ್ಲ, ಈಗ ನೋಡಿದರೂ ಮುಂದಿನ ಖರ್ಚಿನ ಅಂದಾಜು ಸಿಗುತ್ತದೆ.

ಗುಂಯ್ ಅನ್ನುವ ಸೈಲೆನ್ಸರ್‌ಗೆ ನನ್ನ ಉತ್ತರ ನೇರ. ಹಳೇ ಓನರ್ ಹತ್ತಿರ ಕಂಪನಿ ಸೈಲೆನ್ಸರ್ ಇದೆಯಾ ಕೇಳಿ. ಬಹಳ ಜನ ಬಿಚ್ಚಿ ಅಟ್ಟದ ಮೇಲೆ ಇಟ್ಟಿರುತ್ತಾರೆ. ಸಿಕ್ಕರೆ ಅದನ್ನೇ ಹಾಕಿಸಿ. ಈ ಇಂಜಿನ್‌ನ ಸೊಗಸಾದ ಸದ್ದು 4,000 ಆರ್‌ಪಿಎಂ ದಾಟಿದ ಮೇಲೆ ಕಿವಿಯ ಹಿಂದೆಯೇ ಕೇಳುತ್ತದೆ, ಅದಕ್ಕೆ ಹೊರಗಿನ ಡಬ್ಬ ಬೇಡ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟದ್ದನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ಸದ್ದು, ಹೊಗೆಯ ಮಿತಿ ಮೀರಿದರೆ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ನಿಮ್ಮ ಕಾರಿಗೆ 15 ವರ್ಷ ದಾಟಿದೆ. ಆರ್‌ಸಿ ನವೀಕರಣ ಆಗಿದೆಯಾ ಮೊದಲು ನೋಡಿ. ಮುಂದಿನ ಸಲ ಆರ್‌ಟಿಒ ತಪಾಸಣೆಗೆ ಹೋಗುವಾಗ ಕಂಪನಿ ಸೈಲೆನ್ಸರ್ ಇದ್ದರೆ ಮಾತೇ ಬರುವುದಿಲ್ಲ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಬದಲಿಸಿದ ಭಾಗ ಇದ್ದರೆ ಕ್ಲೇಮ್ ಸಮಯದಲ್ಲೂ ತಕರಾರು.

ನೀವು ಕೇಳದಿದ್ದರೂ ಕರಾವಳಿಯ ಬಾಕ್ಸ್‌ಸ್ಟರ್‌ಗೆ ಎರಡು ಮಾತು ಹೇಳಲೇಬೇಕು. ಮುಂದಿನ ಬಂಪರ್‌ನ ಎರಡೂ ಮೂಲೆಯಲ್ಲಿ ರೇಡಿಯೇಟರ್ ಇವೆ. ಒಣಗಿದ ಎಲೆ, ಮಣ್ಣು ಅಲ್ಲಿ ಹೋಗಿ ಕೂತು, ಮಳೆಯಲ್ಲಿ ಗೊಬ್ಬರವಾಗಿ ಅಲ್ಯುಮಿನಿಯಂ ತಿನ್ನುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಎರಡನೆಯದು, ಬಟ್ಟೆ ಟಾಪ್‌ನ ನೀರು ಹರಿಯುವ ತೂತುಗಳು. ಟಾಪ್ ಅರ್ಧ ತೆರೆದಾಗ ಹಿಂದಿನ ಎರಡೂ ಮೂಲೆಯಲ್ಲಿ ಕಾಣುತ್ತವೆ. ಅವು ಕಟ್ಟಿಕೊಂಡರೆ ನೀರು ಸೀಟಿನ ಕೆಳಗೆ ನಿಲ್ಲುತ್ತದೆ, ಅಲ್ಲಿರುವ ಎಲೆಕ್ಟ್ರಾನಿಕ್ಸ್ ಹಾಳಾಗುತ್ತದೆ. ಕಾರ್ಪೆಟ್ ಕೆಳಗೆ ಬೆರಳು ಹಾಕಿ ನೋಡಿ. ಒದ್ದೆ ಇದ್ದರೆ ಕ್ಯಾಟ್‌ಗಿಂತ ಮೊದಲು ಇದನ್ನು ಸರಿ ಮಾಡಿ. ಹಿಂದಿನ ಡಿಕ್ಕಿಯ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಅದು ಮಳೆ ನೀರಲ್ಲ, ಕೂಲೆಂಟ್ ಟ್ಯಾಂಕ್ ಬಿರುಕು ಬಿಟ್ಟಿದೆ. ಟೈರ್ ಎಷ್ಟೇ ಹೊಸದಾಗಿ ಕಂಡರೂ ಪಕ್ಕದ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಶಿರಾಡಿ ಘಾಟಿಯ ಮಳೆಯಲ್ಲಿ ಅವನ್ನು ನಂಬಬೇಡಿ.

ಮಾರಬೇಡಿ ಸರ್. ಈ ಸ್ಥಿತಿಯಲ್ಲಿ ಲೈಟ್ ಹತ್ತಿರುವ ಕಾರಿಗೆ ಯಾರೂ ಬೆಲೆ ಕೊಡುವುದಿಲ್ಲ, ಕೊಂಡವರಿಗೂ ಇದೇ ಗೋಳು. ಈ ಭಾನುವಾರ ಬೆಳಿಗ್ಗೆ ಮನೆಯವರೊಬ್ಬರನ್ನು ಕೀ ಹತ್ತಿರ ಕೂರಿಸಿ, ಸ್ಟಾರ್ಟ್ ಮಾಡುವ ಮೊದಲೇ ನೀವು ಕಾರಿನ ಹಿಂದಿನ ಚಕ್ರದ ಪಕ್ಕ ಹೊರಗೆ ನಿಂತಿರಿ. ಗಾಡಿ ಕೆಳಗೆ ನುಗ್ಗಬೇಡಿ. ಸದ್ದು ಯಾವ ಕಡೆಯಿಂದ ಜಾಸ್ತಿ, ಎಷ್ಟು ನಿಮಿಷಕ್ಕೆ ನಿಂತಿತು ಅಂತ ಬರೆದುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಎತ್ತಿ ನೋಡಿ. ಎರಡೂ ಬ್ಯಾಂಕಿನ ಫ್ಯೂಯೆಲ್ ಟ್ರಿಮ್ ಅಂಕಿಗಳ ಫೋಟೋ ತೆಗೆಸಿಕೊಳ್ಳಿ. ಇಷ್ಟನ್ನು ನನಗೆ ಬರೆದು ಕಳಿಸಿ. ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಮಾತ್ರ ಓಡಿಸಬೇಡಿ, ಆಗ ಸಿಲಿಂಡರ್ ಒಳಗೆ ಕ್ಯಾಮೆರಾ ಬಿಟ್ಟು ನೋಡಬೇಕಾಗುತ್ತದೆ.